ಅಕ್ಕನ ಪುಟ ಯಾವ ಓಣಿಯಲ್ಲಿ

ನಮ್ಮ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೆ ಎರಡು ಹೆಸರು. ಹುಟ್ಟಿದಾಗ ತೊಟ್ಟಿಲಲ್ಲಿ ಹಾಕಿ ಇಟ್ಟದ್ದೊಂದು. ಮದುವೆಯ ದಿನ ಗಂಡನ ಮನೆಯವರು ತಾಟಿನ ತುಂಬ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ ಬರೆದದ್ದು ಇನ್ನೊಂದು. ಗಂಡನದು ದೇವರ ಹೆಸರಾದರೆ ಹೆಂಡತಿಗೆ ಆ ದೇವರ ಹೆಂಡತಿಯ ಹೆಸರು. ಅದಕ್ಕೆ ಜೋಡಿ ಹೆಸರು ಅನ್ನುತ್ತಾರೆ. ನನ್ನ ಅಕ್ಕನಿಗೂ ಹೀಗೆ ಎರಡು ಹೆಸರಿದ್ದವು. ಎರಡನ್ನೂ ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಗುರುತು ಹಿಡಿಯುವವರು ಒಬ್ಬರಿದ್ದಾರೆ, ಅವರ ಸಲುವಾಗಿ.

ಅಕ್ಕನನ್ನು ಹೊರಗೆಲ್ಲೂ ಕೊಟ್ಟಿರಲಿಲ್ಲ, ಅವ್ವನ ತವರಿಗೇ ಕೊಟ್ಟಿದ್ದೆವು. ಅವ್ವನ ಅಣ್ಣ, ಅಂದರೆ ನಮ್ಮ ಸ್ವಾದರಮಾವ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ಇಟ್ಟಿದ್ದರು. ಅವರ ಹಿರಿಯ ಮಗನೇ ವರ. ತೊಂಬತ್ತರ ದಶಕದ ಕೊನೆಯ ಮಾತು. ಅಕ್ಕ ತಾಟಿನ ಮೇಲೆ ಬಗ್ಗಿ ತನ್ನ ಹೊಸ ಹೆಸರನ್ನು ಓದಿಕೊಂಡು, ನನ್ನ ಕಿವಿಯ ಹತ್ತಿರ ಬಂದು, "ನಾಳಿಂದ ಹಳೇ ಹೆಸರ್ಲೆ ಕರದ್ರ ಓ ಅನ್ನಂಗಿಲ್ಲ ನೋಡು ನಾ," ಅಂದಳು. ಮಾರನೆಯ ದಿನ ಮಾವನ ಮನೆಯವರೇ ಮರೆತು ಹಳೆಯ ಹೆಸರಿನಿಂದ ಕರೆದರು, ಅಕ್ಕ ಓ ಅಂದಳು. ಸಣ್ಣಾಕೆ ಇದ್ದಾಗಿನಿಂದ ಆ ಮನೆಯಲ್ಲಿ ಆಡಿ ಬೆಳೆದ ಹುಡುಗಿಗೆ ಒಂದೇ ದಿನದಲ್ಲಿ ಬೇರೆ ಹೆಸರು ಅಂದರೆ ಯಾರ ನಾಲಿಗೆ ತಿರುಗುತ್ತದೆ? ಅವ್ವನಂತೂ ಆ ಹೊಸ ಹೆಸರನ್ನು ಕೊನೆತನಕ ಬಾಯಿಗೆ ತರಲಿಲ್ಲ.

ನಾನು ಧಾರವಾಡದಿಂದ ದಿನಾ ಬಸ್ಸು ಹಿಡಿದು ಗೋಕುಲ ರಸ್ತೆಯ ಒಂದು ಕಾರ್ಖಾನೆಗೆ ಹೋಗುತ್ತಿದ್ದೆ, ಅಲ್ಲಿ ಕಂಪ್ಯೂಟರಿನ ಕೆಲಸ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಯಂತ್ರಗಳ ವಿವರ ಬರೆದಿಡಲು ಅಲ್ಲಿ ಒಂದು ವಿಕಿ ಹಾಕಿದರು. ಯಾರು ಬೇಕಾದರೂ ತೆರೆದು ಬರೆಯಬಹುದಾದ, ತಿದ್ದಬಹುದಾದ ಪುಟಗಳವು. ಒಂದು ಪುಟದ ಶಬ್ದವನ್ನು ಒತ್ತಿದರೆ ಇನ್ನೊಂದು ಪುಟ ತೆರೆಯುವಂತೆ ನಡುವೆ ಕೊಂಡಿ ಹಾಕಬಹುದಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಬಿದ್ದದ್ದು ಹೋಗಲಿ, ನನಗೆ ಅದರ ಹುಚ್ಚೇ ಹಿಡಿಯಿತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮಂದಿಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳುವವರೇ ಉಳಿದಿರಲಿಲ್ಲ. ನಮ್ಮ ಹಳ್ಳಿ ಮುಗದದಲ್ಲಿ ಗದ್ದೆ ಮಾಡಿಕೊಂಡಿದ್ದ ದೊಡ್ಡಪ್ಪನಿಗೆ ಹುಬ್ಬಳ್ಳಿಯ ಮೊಮ್ಮಕ್ಕಳ ಹೆಸರು ಗೊತ್ತಿರಲಿಲ್ಲ, ಹುಬ್ಬಳ್ಳಿಯ ಮೊಮ್ಮಕ್ಕಳಿಗೆ ದೊಡ್ಡಪ್ಪ ಬದುಕಿದ್ದಾನೋ ಇಲ್ಲವೋ ಗೊತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಸ್ವಲ್ಪ ಜಾಗ ಬಾಡಿಗೆಗೆ ಹಿಡಿದು ನಮ್ಮ ಮನೆತನಗಳಿಗೂ ಒಂದು ವಿಕಿ ಹಾಕಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಕೆಲವರ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಕಾಣದೆ ಬರೀ ಚೌಕಗಳು ಕಾಣುತ್ತಿದ್ದವು, ಫೋನ್ ಮಾಡಿ ನನ್ನನ್ನೇ ಬೈಯುತ್ತಿದ್ದರು.

ತೊಡಕು ಮೊದಲಿಗೇ ಬಂತು. ತಾಯಿಯ ತಂದೆಯ ಹೆಸರನ್ನು ಮೊಮ್ಮಗನಿಗೆ ಇಡುವವರು ನಾವು, ಒಂದೇ ಹೆಸರಿನ ಗಂಡಸರು ಮನೆಗೊಬ್ಬರಿದ್ದರು. ಅದಕ್ಕೆ ವಿಕಿಯಲ್ಲಿ ನೇಮ್‌ಸ್ಪೇಸ್ ಅಂತ ಒಂದು ವ್ಯವಸ್ಥೆ ಇದೆ. ಒಂದೊಂದು ಮನೆತನಕ್ಕೆ ಒಂದೊಂದು ನೇಮ್‌ಸ್ಪೇಸ್ ಮಾಡಿ, ಪುಟದ ತಲೆಬರಹದಲ್ಲಿ ಮೊದಲು ಮನೆತನದ ಅಡ್ಡಹೆಸರು, ಆಮೇಲೆ ಆ ಮನುಷ್ಯನ ಹೆಸರು ಬರುವಂತೆ ಇಟ್ಟೆ.

"ಏನೋ ಅದು?" ಎಂದು ಅವ್ವ ಕೇಳಿದಳು.

"ಓಣಿ ಇದ್ದಂಗವ್ವಾ. ಊರಾಗ ಒಂದ ಹೆಸರಿನವರು ನಾಕ ಮಂದಿ ಇದ್ರ, ಯಾವ ಓಣಿಯಂವ ಅಂತ ಕೇಳ್ತೀವಲ್ಲ, ಹಂಗ."

ಅಂದಿನಿಂದ ನಮ್ಮ ಮಂದಿಯೆಲ್ಲ ಅದನ್ನು ಓಣಿ ಎಂದೇ ಕರೆದರು. ಒಂದೇ ಹೆಸರು ಬೇರೆ ಬೇರೆ ಓಣಿಯಲ್ಲಿ ಇರಬಹುದು. ಒಂದೇ ಓಣಿಯಲ್ಲಿ ಒಂದೇ ಹೆಸರಿನ ಎರಡು ಪುಟ ಇರಲಾರವು.

ಗಂಡಸರ ಪುಟಗಳು ಸುಲಭವಾಗಿ ಕೂತವು. ಹೆಣ್ಣುಮಕ್ಕಳದೇ ಜಗಳ. ಒಂದು ಓಣಿಯಲ್ಲಿ ಒಂದು ಹೆಸರಿನಿಂದ ಹುಟ್ಟಿ, ಇನ್ನೊಂದು ಓಣಿಗೆ ಇನ್ನೊಂದು ಹೆಸರಿನಿಂದ ಹೋದವಳ ಪುಟ ಎಲ್ಲಿರಬೇಕು? ತವರಿನ ಓಣಿಯಲ್ಲಿ, ಹುಟ್ಟುಹೆಸರಿನಲ್ಲಿ ಇರಲಿ ಎಂದು ನಾನು ಹೇಳಿದೆ. ಯುಗಾದಿಗೆ ಎಲ್ಲರೂ ಸೇರಿದಾಗ ಮಾವ ಒಂದೇ ಮಾತಿನಲ್ಲಿ ಅದನ್ನು ಕಡಿದು ಹಾಕಿದರು. "ನಮ್ಮ ಮನಿ ಸೊಸಿ ನಮ್ಮ ಓಣ್ಯಾಗ ಇರ್ಬೇಕಪಾ. ಮದವಿ ಆದಮ್ಯಾಲೂ ತವರಮನ್ಯಾಗ ಕುಂತ್ರ ಮಂದಿ ಏನಂದಾರು?" ಎಲ್ಲರೂ ಹೂಂ ಅಂದರು. ಕಂಪ್ಯೂಟರಿನೊಳಗೂ ಮಂದಿ ಏನಾದರೂ ಅಂದಾರು ಎಂದು ಹೆದರುವವರು ನಾವು! ಪೂರಾ ಪುಟ ಗಂಡನ ಓಣಿಯಲ್ಲಿ, ಜೋಡಿ ಹೆಸರಿನಲ್ಲಿ ಇರಬೇಕು, ತವರಿನ ಓಣಿಯಲ್ಲಿ "ಅಲ್ಲಿ ನೋಡಿ" ಎಂಬ ಒಂದು ಸಾಲು ಮಾತ್ರ, ಎಂದು ತೀರ್ಮಾನವಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅಕ್ಕನೇ ಕಣ್ಣುಸನ್ನೆ ಮಾಡಿ ನನ್ನ ಬಾಯಿ ಮುಚ್ಚಿಸಿದಳು.

ಅಕ್ಕನಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಆದದ್ದು ಹೆಣ್ಣುಕೂಸು. ಬಾಣಂತನಕ್ಕೆ ಧಾರವಾಡಕ್ಕೆ ಬಂದಿದ್ದಳು. ಕಿವಿಗೆ ಅರಿವೆ ಕಟ್ಟಿಕೊಂಡು, ಮೈಯೆಲ್ಲ ಕೆಂಡದ ಹೊಗೆಯ ವಾಸನೆಯಾಗಿ, ನನ್ನ ಕಂಪ್ಯೂಟರಿನ ಮುಂದೆ ಬಂದು ಕೂಡುತ್ತಿದ್ದಳು. "ಏಳಽ, ಬಾಣಂತಿ ಕಣ್ಣಿಗೆ ಆ ಬೆಳಕ ಬ್ಯಾಡ," ಎಂದು ಅವ್ವ ಒಳಗಿನಿಂದ ಒದರುತ್ತಿದ್ದಳು. ಅಕ್ಕ ಏಳುತ್ತಿರಲಿಲ್ಲ. ಎಲ್ಲರ ಪುಟಕ್ಕೂ ಒಂದೇ ಅಚ್ಚು ಮಾಡಿದ್ದೆ: ತಂದೆ, ತಾಯಿ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಮಕ್ಕಳು, ಕೊನೆಗೆ ನೆನಪು. ನೆನಪಿನ ಭಾಗದಲ್ಲಿ ಅಕ್ಕ ಹೇಳಿ ಬರೆಸಿದಳು. ಮುಗದದಲ್ಲಿ ಗದ್ದೆಯ ಬದುವಿನ ಮೇಲೆ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಹೋಗುವಾಗ ಇಬ್ಬರೂ ರಾಡಿಯಲ್ಲಿ ಬಿದ್ದದ್ದು, ತಮ್ಮ ಅಳಲಿಲ್ಲ, ತಾನೇ ಅತ್ತದ್ದು.

ಹೆಸರಿಟ್ಟ ಮಾರನೆಯ ದಿನವೇ ಕೂಸಿಗೊಂದು ಪುಟ ಬೇಕೆಂದು ಹಟ ಹಿಡಿದಳು. ಮಾಡಿಕೊಟ್ಟೆ. ವಿಕಿಯ ಕೊಂಡಿಗೆ ಒಂದೇ ದಿಕ್ಕು, ಮಗಳ ಪುಟದಿಂದ ತಾಯಿಯ ಪುಟಕ್ಕೆ ಒಂದು, ತಾಯಿಯಿಂದ ಮಗಳಿಗೆ ಇನ್ನೊಂದು, ಎರಡನ್ನೂ ಕೈಯಾರೆ ಹಾಕಬೇಕು. ಹಾಕಿದ ಮೇಲೆ ಅಕ್ಕ ಮೌಸನ್ನು ತಾನೇ ಹಿಡಿದಳು. 'ತಾಯಿ' ಎಂಬಲ್ಲಿ ಒತ್ತಿ ತನ್ನ ಪುಟಕ್ಕೆ ಬಂದಳು, 'ಮಕ್ಕಳು' ಎಂಬಲ್ಲಿ ಒತ್ತಿ ಕೂಸಿನ ಪುಟಕ್ಕೆ ಹೋದಳು, ಮತ್ತೆ ಬಂದಳು. "ಸಾಕ ಬಿಡವಾ, ಫೋನ್ ಬಿಲ್ಲು ಏರಾಕತ್ತೈತಿ," ಎಂದೆ. "ಏರ್ಲಿ ಬಿಡೋ ಜೀನಾ," ಅಂದಳು.

ಕೂಸಿಗೆ ಎರಡು ವರ್ಷ ತುಂಬುವ ಮೊದಲೇ ಅಕ್ಕ ಸತ್ತಳು. ಕಾಮಣಿ ಆಗಿ ಕಣ್ಣು, ಮೈ ಹಳದಿಯಾದವು. ಮೊದಲು ಯಾರೋ ಹೇಳಿದ ಬೇರಿನ ಔಷಧ ಕೊಟ್ಟರು, ಆಮೇಲೆ ದವಾಖಾನೆಗೆ ಸೇರಿಸಿದರು, ಆಮೇಲೆ ಏನೂ ಉಳಿಯಲಿಲ್ಲ. ಬರೆಯಲು ಹೋದರೆ ಇಷ್ಟೇ ಆಗುತ್ತದೆ. ನಾನು ಅವಳ ಪುಟ ತೆರೆದು ತೀರಿಕೊಂಡ ದಿನವನ್ನು ಬರೆದೆ. ಅದೊಂದು ಸಾಲು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು, ಬರೆದು ಅತ್ತೆ. ಅವಳ ಪುಟದ ಮೇಲಿನ ಆ ಸಾಲು ನನಗೆ ಕೊನೆಗೂ ರೂಢಿಯಾಗಲಿಲ್ಲ.

ವರ್ಷದೊಳಗೇ ಅಕ್ಕನ ಗಂಡನಿಗೆ ಇನ್ನೊಂದು ಮದುವೆ ಮಾಡಿದರು. ಕೂಸಿನ ಸಲುವಾಗಿ ಅಂದರು, ಅವ್ವನೂ ಹೂಂ ಅಂದಳು. ಮದುವೆಗೆ ನಾವೂ ಹೋಗಿದ್ದೆವು, ತಂಗಿಯಾಗಿ ಅವ್ವ ಹೋಗದೆ ಇರುವ ಹಾಗಿರಲಿಲ್ಲ. ಅಕ್ಕಿಯ ತಾಟು ತಂದಿಟ್ಟಾಗ, ಹೆಸರು ಏನು ಬರೆಯಬೇಕು ಎಂದು ಯಾರೋ ಕೇಳಿದರು. "ಏನಂದ್ರ? ಜೋಡಿ ಹೆಸರು ಅದ ಐತಲ್ಲ," ಎಂದರು ಮಾವ. ಆಮೇಲೆ ಅಂಗಡಿಯವರ ಚಾಳಿ, ನಗೆಯಾಡುತ್ತ, "ಭಾಂಡಿ ಮ್ಯಾಲಿನ ಹೆಸರೂ ಅಳಸೂ ಜರೂರಿಲ್ಲ," ಎಂದರು. ಅಕ್ಕನ ಮದುವೆಯಲ್ಲಿ ಮಾವ ಮನೆಯ ಅಷ್ಟೂ ತಂಬಿಗೆ, ಬೋಗುಣಿಗಳ ಮೇಲೆ ಅವಳ ಜೋಡಿ ಹೆಸರು ಕೊರೆಸಿದ್ದರು. ಮಾವ ಕೆಟ್ಟವರಲ್ಲ. ಅಕ್ಕ ಸತ್ತಾಗ ಗೋಡೆಗೆ ತಲೆ ಬಡಿದುಕೊಂಡು ಅತ್ತವರು. ಆದರೂ ಆ ಮಾತು ಕೇಳಿ ನಾನು ಅಲ್ಲಿಂದ ಹೊರಡಲು ತಿರುಗಿದೆ. ಅವ್ವ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು.

ಆಮೇಲೆ ಸ್ವಲ್ಪ ದಿನಕ್ಕೆ, ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ನಮ್ಮ ವಿಕಿ ತೆರೆದೆ. ಯಾರು ಯಾವ ಪುಟ ತಿದ್ದಿದರು ಎಂಬುದು ಅದರಲ್ಲಿ ತಾನಾಗಿಯೇ ಬರುತ್ತದೆ. ಅಕ್ಕನ ಪುಟ ತಿದ್ದಿದ್ದಾರೆ ಎಂದು ತೋರಿಸಿತು. ಒತ್ತಿದೆ. ಅಕ್ಕನ ಚಿತ್ರದ ಜಾಗದಲ್ಲಿ ಹೊಸ ಹೆಂಡತಿಯ ಚಿತ್ರ. ತಂದೆ ಬೇರೆ, ತಾಯಿ ಬೇರೆ, ಹುಟ್ಟಿದ ಊರು ಬೇರೆ. ನೆನಪಿನ ಭಾಗ ಖಾಲಿ. ಗಂಡ ಎಂಬಲ್ಲಿ ಮಾತ್ರ ಮೊದಲಿದ್ದ ಹೆಸರೇ, ಮಕ್ಕಳು ಎಂಬಲ್ಲಿ ಅಕ್ಕನ ಮಗಳ ಹೆಸರೇ. ಕೂಸಿನ ಪುಟಕ್ಕೆ ಹೋಗಿ 'ತಾಯಿ' ಎಂಬುದನ್ನು ಒತ್ತಿದೆ. ಅಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಅಕ್ಕ ಒತ್ತಿ ಒತ್ತಿ ನೋಡಿದ ಅದೇ ಕೊಂಡಿ. ಅದು ನೇರವಾಗಿ ಆ ಹೆಂಗಸಿನ ಹತ್ತಿರ ಹೋಗಿ ನಿಂತಿತು. ಊಟ ಹಾಗೇ ಬಿಟ್ಟು ಎದ್ದೆ.

ಸೀದಾ ದುರ್ಗದಬೈಲಿಗೆ ಹೋದೆ. ಅಂಗಡಿಯಲ್ಲಿ ಮಾವನ ಸಣ್ಣ ಮಗ ಒಬ್ಬನೇ ಇದ್ದ. ಕಾಲೇಜು ಮುಗಿಸಿದ್ದ, ಅವರ ಓಣಿಯ ಪುಟಗಳನ್ನು ಅವನೇ ನೋಡಿಕೊಳ್ಳುತ್ತಿದ್ದ.

"ಏನ ಮಾಡಿಯೋ ಮಾರಾಯಾ?" ಎಂದೆ.

ಅವನಿಗೆ ಮೊದಲು ತಿಳಿಯಲೇ ಇಲ್ಲ. "ಭಾವಾ, ಹೊಸಾ ವೈನಿದು ಒಂದು ಪುಟಾ ಮಾಡೂಣು ಅಂತ ಹೋದೆ. ಆ ಹೆಸರಿಂದು ಮೊದಲ ಐತಿ ಅಂತ ಬಂತು. ಹಂಗಾರ ಅದನ್ನ ತಿದ್ದಿದ್ರಾತು ಅಂತ…"

"ತಿದ್ದಿದ್ರಾತು? ನಮ್ಮಕ್ಕನ್ನ ತಿದ್ದಿ ಇನ್ನೊಬ್ಬಾಕಿನ್ನ ಮಾಡ್ತಿಯೇನಲೇ?"

ಗಿರಾಕಿಗಳು ತಿರುಗಿ ನೋಡಿದರು. ಹುಡುಗ ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟು, "ತಪ್ಪಾತ್ರಿ ಭಾವಾ. ವೈನಿ ಮ್ಯಾಲೆ ನನಗ ಜೀವಾ ಇರಲಿಲ್ಲೇನು? ಹೆಸರು ಒಂದ ಇತ್ತಲ್ಲ, ಕೈ ಹಂಗ ಹೋತು," ಎಂದ. ಕಣ್ಣಲ್ಲಿ ನೀರು ಬಂದಿತ್ತು. ಅಕ್ಕ ಅತ್ತಿಗೆಯಾಗಿ ಬಂದಂದಿನಿಂದ ಅವಳ ಕೈಯ ರೊಟ್ಟಿ ತಿಂದವನು, ಅವನನ್ನು ಇನ್ನೇನು ಬೈಯಲಿ? ಮನೆಯಲ್ಲಿ ದೊಡ್ಡವರು ಮಾಡಿದ್ದನ್ನೇ ಅವನು ಪುಟದಲ್ಲಿ ಮಾಡಿದ್ದ.

ವಿಕಿಯಲ್ಲಿ ಹಳೆಯದು ಪೂರಾ ಅಳಿಯುವುದಿಲ್ಲ, ಹಿಂದಿನ ಪ್ರತಿಗಳು ಒಳಗೆ ಇರುತ್ತವೆ. ಅಕ್ಕನ ಪುಟದ ಹಿಂದಿನ ಪ್ರತಿಯನ್ನು ತೆಗೆದು ನಮ್ಮ ಓಣಿಗೆ ತಂದೆ. "ಅಲ್ಲಿ ನೋಡಿ" ಎಂಬ ಸಾಲು ಅಳಿಸಿ, ಅವಳ ಹುಟ್ಟುಹೆಸರಿನಲ್ಲಿ ಪೂರಾ ಪುಟ ಮಾಡಿದೆ. ಕೂಸಿನ ಪುಟದ 'ತಾಯಿ'ಯನ್ನು ಇಲ್ಲಿಗೆ ತಿರುಗಿಸಿದೆ, ಇಲ್ಲಿಂದ ಕೂಸಿಗೂ ಕೊಂಡಿ ಹಾಕಿದೆ. ಮಾವನ ಓಣಿಯ ಆ ಹೆಸರಿನ ಪುಟವನ್ನು ಹೊಸ ಹೆಂಡತಿಗೇ ಬಿಟ್ಟುಕೊಟ್ಟೆ. ಅವ್ವನನ್ನು ಕರೆದು ತೋರಿಸಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗ್ಲಿ, ಮಗಳು ಮನಿಗೆ ಬಂದ್ಲು," ಅಂದಳು. ಆ ಸಂಜೆ ನಾವಿಬ್ಬರೂ ಸರಿಯಾಗಿ ಊಟ ಮಾಡಿದೆವು.

ಒಂದು ರವಿವಾರ ಮಾವ ಬಂದರು. ಚಹಾ ಕುಡಿದು ಬಟ್ಟಲು ಕೆಳಗಿಟ್ಟರು. ಆಮೇಲೆ ಅವ್ವನ ಕಡೆ ತಿರುಗಿ ಹೇಳಿದರು.

"ನಿನ್ನ ಮಗಳು ನನಗೂ ಮಗಳಽ ಇದ್ಲು ತಂಗಿ. ಆದ್ರ ಕೂಸು ಈಗ ಇಕಿನ್ನ ಅವ್ವಾ ಅಂತೈತಿ. ಇಕಿನೂ ಹೊಟ್ಟಿಲೆ ಹುಟ್ಟಿದ್ದರಂಗ ನೋಡ್ಕೋತಾಳ. ನಾಳೆ ಕೂಸು ಓದಾಕ ಕಲೀತೈತಿ. ಅಲ್ಲಿ ಒತ್ತಿ ನೋಡಿ, ನನ್ನ ಅವ್ವ ಸತ್ತಾಳೇನು ಅಂತ ಕೇಳಿದ್ರ ಯಾರ ಹೇಳವರು?"

"ಹೇಳಬೇಕಾಗ್ತೈತ್ರಿ ಮಾವ, ಒಂದಿಲ್ಲೊಂದ ದಿನ," ಎಂದೆ ನಾನು.

"ಅದನ್ನ ನಾವು ನೋಡ್ಕೋತೀವಿ. ನೀ ಅದನ್ನಷ್ಟು ಬದಲಿ ಮಾಡಿಬಿಡು. ಹಂಗಽ ಇಟ್ರ, ಕೂಸಿನ್ನ ಇಲ್ಲಿ ಕಳಸೂದು ತ್ರಾಸ ಆಗ್ತೈತಿ." ಈ ಕೊನೆಯ ಮಾತು ಹೇಳುವಾಗ ತಂಗಿಯ ಮುಖ ನೋಡಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು.

ಅವರು ಬಸ್ಸಿಗೆ ಹೋದ ಮೇಲೆ ಅವ್ವ ಚಹಾದ ಬಟ್ಟಲು ತೊಳೆದಿಟ್ಟು ಬಂದಳು. ಆಮೇಲೆ, "ತಗಿ," ಅಂದಳು.

"ನೀನಽ ಹಿಂಗಂದ್ರ ಹೆಂಗವ್ವಾ? ಅಕಿ ಕೂಸಿಗೆ ಅಕೀನಽ ಅವ್ವ ಅಲ್ಲಂತ ಬರೀಲೇನು ನಾ? ಅಣ್ಣಗ ಹೆದರ್ತಿಯೇನು?"

"ಒದರಬ್ಯಾಡ." ಅವ್ವನ ದನಿ ಏರಲಿಲ್ಲ. "ಪುಟದಾಗಿನ ಮಗಳನ್ನ ಇಟ್ಕೊಂಡು ನಾ ಏನ ಮಾಡ್ಲಿ? ಅಕಿಗೆ ಎಣ್ಣಿ ಹಚ್ಚಾಕ ಬರ್ತೈತೇನು? ಎರಿಯಾಕ ಬರ್ತೈತೇನು? ನನಗ ಕೂಸು ಬೇಕೋ. ಕೂಸು ಈ ಮನಿಗೆ ಬರ್ಬೇಕು. ತಗದಬಿಡು."

ಕೂಸಿನ ಪುಟದಲ್ಲಿ 'ತಾಯಿ'ಯನ್ನು ಮತ್ತೆ ಮಾವನ ಓಣಿಗೆ ತಿರುಗಿಸಿದೆ. ಅಷ್ಟಕ್ಕೇ ಮುಗಿಯಲಿಲ್ಲ, ಎರಡೂ ಕಡೆ ಗಂಟು ಹಾಕಿದವನು ಎರಡೂ ಕಡೆ ಬಿಚ್ಚಬೇಕಿತ್ತು. ಅಕ್ಕನ ಪುಟದಲ್ಲಿ ಮಕ್ಕಳ ಸಾಲಿನಿಂದ ಕೂಸಿನ ಹೆಸರು ತೆಗೆದೆ. ಗಂಡನ ಹೆಸರು ಕಂಡರೆ ಯಾರಿಗಾದರೂ ತಿಳಿಯುತ್ತದೆ, ಅದನ್ನೂ ತೆಗೆದೆ. ಮದುವೆಯ ದಿನ, ಜೋಡಿ ಹೆಸರು, ಹುಬ್ಬಳ್ಳಿ, ಎಲ್ಲ ತೆಗೆದೆ. 'ಗಂಡ', 'ಮಕ್ಕಳು' ಎಂಬ ಶಬ್ದಗಳು ಅಚ್ಚಿನವು, ಅವು ಹಾಗೇ ಉಳಿದವು. ಮುಂದೆ ಖಾಲಿ. ಅಕ್ಕ ಮದುವೆಯಾಗದೆ ತೀರಿಕೊಂಡ ಹುಡುಗಿಯಂತೆ ನಮ್ಮ ಓಣಿಯಲ್ಲಿ ಉಳಿದಳು. ನನಗೆ ನನ್ನ ಕೈಗಳ ಮೇಲೇ ಅಸಹ್ಯ ಬಂತು.

ಕೂಸು ಬರತೊಡಗಿತು. ಮಾವ ಮಾತಿಗೆ ತಪ್ಪಲಿಲ್ಲ. ಅಜ್ಜನ ತಂಗಿಯ ಮನೆ ಎಂಬ ಲೆಕ್ಕದಲ್ಲಿ ಕೂಸು ನಮ್ಮಲ್ಲಿಗೆ ಬರುತ್ತಿತ್ತು. ನಮ್ಮ ಸಂಬಂಧಗಳು ಎಷ್ಟು ಹೆಣೆದುಕೊಂಡಿವೆ ಅಂದರೆ, ತಾಯಿಯ ಕಡೆಯಿಂದ ಎಣಿಸಿದರೂ ತಂದೆಯ ಕಡೆಯಿಂದ ಎಣಿಸಿದರೂ ಅವ್ವ ಅದಕ್ಕೆ ಆಯಿಯೇ, ಅಂದರೆ ಅಜ್ಜಿಯೇ, ನಾನು ಮಾಮಾನೇ. ಕರೆಯುವ ಶಬ್ದ ಕೂಡ ಬದಲಾಗಬೇಕಾಗಲಿಲ್ಲ. ಅವ್ವ ಎಣ್ಣೆ ಹಚ್ಚಿ ಎರೆಯುತ್ತಿದ್ದಳು, ತಲೆ ಬಾಚುತ್ತಿದ್ದಳು. ಬಾಚುವಾಗ ಒಮ್ಮೊಮ್ಮೆ ಕೂಸಿನ ನೆತ್ತಿಯ ಸುಳಿಯ ಮೇಲೆ ಬೆರಳಾಡಿಸುತ್ತಿದ್ದಳು, ಅಕ್ಕನಿಗೂ ಅದೇ ಜಾಗದಲ್ಲಿ ಸುಳಿ ಇತ್ತು.

ಎರಡನೇ ಇಯತ್ತೆ ಮುಗಿಸಿದ ಸೂಟಿಯಲ್ಲಿ ಕೂಸು ಕಂಪ್ಯೂಟರಿನ ಮುಂದೆ ಕೂತು ತನ್ನ ಪುಟ ತೋರಿಸು ಎಂದಿತು. ತೋರಿಸಿದೆ. ಅಕ್ಷರ ಕೂಡಿಸಿ ಕೂಡಿಸಿ ಓದಿತು. 'ತಾಯಿ' ಎಂಬಲ್ಲಿ ಒತ್ತಿ, "ನಮ್ಮವ್ವ!" ಎಂದು ಚಪ್ಪಾಳೆ ಹೊಡೆಯಿತು. ಅಜ್ಜನ ಪುಟಕ್ಕೆ ಹೋಯಿತು, ಅಲ್ಲಿಂದ ಅಜ್ಜನ ತಂಗಿಯ ಪುಟ ಎಂದು ನಮ್ಮ ಓಣಿಗೆ ಬಂತು. ನಾನು ಏನಾದರೂ ನೆಪ ಹೇಳಿ ಕಂಪ್ಯೂಟರ್ ಬಂದ್ ಮಾಡಬೇಕು ಅನ್ನುವಷ್ಟರಲ್ಲಿ, ಅವ್ವನ ಪುಟದಲ್ಲಿದ್ದ ಮಗಳ ಹೆಸರನ್ನು ಒತ್ತಿಬಿಟ್ಟಿತು. ಎರಡು ಜಡೆ ಹಾಕಿಕೊಂಡ ಅಕ್ಕನ ಚಿತ್ರ ತೆರೆಯಿತು. ಅವ್ವ ಅಡುಗೆಮನೆಯಿಂದ ಬಂದು ನಮ್ಮ ಹಿಂದೆ ನಿಂತಿದ್ದಳು.

"ಇವರ್ಯಾರು ಆಯಿ?"

"ನನ್ನ ಮಗಳವ್ವಾ. ಮಾಮಾನ ಅಕ್ಕ."

"ನನಗೇನಾಗಬೇಕು?"

"ಮೌಶಿ," ಅಂದಳು ಅವ್ವ. ತಂದೆಯ ಸೋದರತ್ತೆಯ ಮಗಳು ಎಂದು ಎಣಿಸಿದರೆ ತಾಯಿಗೆ ಅಕ್ಕತಂಗಿಯಾಗುವವಳು, ಅದು ಸುಳ್ಳೂ ಅಲ್ಲ.

ಕೂಸು ನೆನಪಿನ ಭಾಗವನ್ನು ದೊಡ್ಡ ದನಿಯಲ್ಲಿ ಓದಿತು. ರಾಡಿಯಲ್ಲಿ ಬಿದ್ದದ್ದನ್ನು ಓದಿ ನನ್ನ ಕಡೆ ನೋಡಿ ನಕ್ಕಿತು. ತೀರಿಕೊಂಡ ದಿನವನ್ನೂ ಓದಿತು. ಆಮೇಲೆ ಬೆರಳನ್ನು ಪರದೆಯ ಮೇಲಿಟ್ಟಿತು.

"ಮಾಮಾ, ಗಂಡ ಅಂತ ಐತಿ, ಮುಂದ ಹೆಸರಽ ಇಲ್ಲ. ಮಕ್ಕಳು ಅಂತ ಐತಿ, ಅದೂ ಖಾಲಿ ಐತಿ. ಬರಿಯೂದು ಮರತೀರೇನು?"

ಈಗ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅವ್ವ ಹಿಂದಿನಿಂದ ನನ್ನ ಭುಜ ಒತ್ತಿದಳು.

"ಮರತಿಲ್ಲವ್ವಾ. ಮದವಿ ಆಗಿರಲಿಲ್ಲ ಅಕಿದು."

"ಮಕ್ಕಳೂ ಇರಲಿಲ್ಲಾ?"

"ಇರಲಿಲ್ಲ," ಅಂದಳು ಅವ್ವ.

"ಪಾಪ," ಎಂದಿತು ಅಕ್ಕನ ಮಗಳು. ಚಿತ್ರವನ್ನು ಇನ್ನೊಮ್ಮೆ ನೋಡಿ, ನನ್ನ ಹೆಸರಿನ ಮೇಲೆ ಒತ್ತಿತು.